ಆಡುಸೋಗೆ ಎಲೆ, ಐದು ದ್ರಾವಕ: ಆಲ್ಕಲಾಯ್ಡ್ ಎಲ್ಲಿ ಹೋಯಿತು?

ಪ್ರಶ್ನೆ (ಎಂಎಸ್ಸಿ ಸಸ್ಯಶಾಸ್ತ್ರ): ಪ್ರಾಜೆಕ್ಟ್‌ಗೆ ಆಡುಸೋಗೆ ಎಲೆ ತೆಗೆದುಕೊಂಡಿದ್ದೇನೆ. 25 ಗ್ರಾಂ ಪುಡಿಯಿಂದ ಸಾಕ್ಸ್‌ಲೆಟ್‌ನಲ್ಲಿ (ಬಿಸಿ ದ್ರಾವಕವನ್ನು ಮತ್ತೆ ಮತ್ತೆ ಹಾಯಿಸುವ ಉಪಕರಣ) ಹೆಕ್ಸೇನ್, ಕ್ಲೋರೋಫಾರ್ಮ್, ಈಥೈಲ್ ಅಸಿಟೇಟ್, ಮೆಥನಾಲ್, ನೀರು ಈ ಕ್ರಮದಲ್ಲಿ ಸಾರ ತೆಗೆದೆ. ವ್ಯಾಸಿಸಿನ್ ಎಂಬ ಆಲ್ಕಲಾಯ್ಡ್ (ಸಾರಜನಕವಿರುವ ಕ್ಷಾರೀಯ ಸಸ್ಯ ಸಂಯುಕ್ತ) ಇರುವ ಎಲೆ, ಆದರೂ ಕ್ಲೋರೋಫಾರ್ಮ್ ಸಾರಕ್ಕೆ ಆಲ್ಕಲಾಯ್ಡ್ ಪತ್ತೆಯ ಮೇಯರ್ ಪರೀಕ್ಷೆ ನೆಗೆಟಿವ್. ಮೆಥನಾಲ್ ಸಾರದಲ್ಲಿ ಸ್ವಲ್ಪ ಮಬ್ಬು ಬಂತು, ನಂಬಬಹುದೇ? ಫೀನಾಲ್‌ಗಳ ಪತ್ತೆಗೆ ಫೆರಿಕ್ ಕ್ಲೋರೈಡ್ ಹಾಕಿದರೆ ಬರೀ ಹಸಿರು. ಜಿಸಿ-ಎಂಎಸ್‌ಗೆ (ಆವಿ ಮಾಡಿ ಘಟಕಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಯಾವ ಸಾರ ಕಳಿಸಲಿ?

ಉತ್ತರ 1 (ಫಾರ್ಮಕಾಗ್ನಸಿ ಬೋಧಕರು): ಮೇಡಂ, ಕ್ಲೋರೋಫಾರ್ಮ್‌ನದು ತಪ್ಪಲ್ಲ. ಎಲೆಯೊಳಗೆ ಆಲ್ಕಲಾಯ್ಡ್ ಹೆಚ್ಚಾಗಿ ಸಾವಯವ ಆಮ್ಲಗಳ ಜೊತೆ ಲವಣವಾಗಿ ಕೂತಿರುತ್ತದೆ. ಲವಣ ಕ್ಲೋರೋಫಾರ್ಮ್‌ಗೆ ಇಳಿಯುವುದಿಲ್ಲ, ಮೆಥನಾಲ್‌ಗೂ ನೀರಿಗೂ ಇಳಿಯುತ್ತದೆ. ಅದನ್ನು ಬಿಡಿಸಬೇಕು. ಬೇರೆ 10 ಗ್ರಾಂ ಪುಡಿಯನ್ನು 10% ಅಮೋನಿಯಾದಿಂದ ಒದ್ದೆ ಮಾಡಿ, ಅರ್ಧ ಗಂಟೆ ಮುಚ್ಚಿಟ್ಟು, ಆಮೇಲೆ ಕ್ಲೋರೋಫಾರ್ಮ್ ಹಾಕಿ. ಇನ್ನೂ ಶುದ್ಧವಾಗಿ ಬೇಕಾದರೆ ಒಣಗಿದ ಮೆಥನಾಲ್ ಸಾರವನ್ನು 2% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕದಡಿ ಸೋಸಿ, ಹೆಕ್ಸೇನ್‌ನಿಂದ ತೊಳೆದು ಹಸಿರನ್ನೂ ಜಿಡ್ಡನ್ನೂ ಚೆಲ್ಲಿ. ನೀರಿನ ಪದರಕ್ಕೆ ಅಮೋನಿಯಾ ಸೇರಿಸಿ ಪಿಎಚ್ 9ರಿಂದ 10ಕ್ಕೆ ತಂದು, ಕ್ಲೋರೋಫಾರ್ಮ್‌ನಿಂದ ಮೂರು ಸಲ ಎಳೆಯಿರಿ. ಜೋರಾಗಿ ಕುಲುಕಿದರೆ ಎರಡು ಪದರ ಬೆರೆತು ಎಮಲ್ಷನ್ ಕಟ್ಟಿ ಗಂಟೆಗಟ್ಟಲೆ ಬಿಡುವುದಿಲ್ಲ. ಫನೆಲ್ಲನ್ನು ಮೆಲ್ಲಗೆ ಮಗುಚಿದರೆ ಸಾಕು. ಕಟ್ಟಿಯೇಬಿಟ್ಟರೆ ಚಿಟಿಕೆ ಅಡುಗೆ ಉಪ್ಪು ಹಾಕಿ.

ಇನ್ನು ಆ ಮಬ್ಬು. ಮೇಯರ್ ಕೊಡುವ ಕೆನೆಬಣ್ಣದ ಗಸಿ ಆಲ್ಕೊಹಾಲ್ ಇದ್ದರೆ ಕರಗಿಹೋಗುತ್ತದೆ. ಮೆಥನಾಲ್ ಪೂರ್ತಿ ಆರಿಸಿ, 1% ಆಮ್ಲದಲ್ಲಿ ಕರಗಿಸಿ, ಸೋಸಿದ ಮೇಲೆಯೇ ಪರೀಕ್ಷೆ. ಪ್ರೋಟೀನ್ ಇದ್ದರೂ ಮಬ್ಬು ಬರುತ್ತದೆ, ಹಾಗಾಗಿ ವ್ಯಾಗ್ನರ್ ಮತ್ತು ಡ್ರಾಗೆನ್‌ಡಾರ್ಫ್ ಎಂಬ ಬೇರೆ ಎರಡು ಆಲ್ಕಲಾಯ್ಡ್ ಪರೀಕ್ಷೆಗಳನ್ನೂ ಮಾಡಿ, ಕನಿಷ್ಠ ಎರಡು ಒಪ್ಪಬೇಕು. ಹೋಲಿಕೆಗೆ ಕೆಫೀನ್ ಇಡಬೇಡಿ, ಅದಕ್ಕೆ ಮೇಯರ್ ಗಸಿ ಕೊಡುವುದಿಲ್ಲ. ಕ್ವಿನೈನ್ ಇಡಿ.

ಉತ್ತರ 2 (ಲ್ಯಾಬ್ ನೋಡಿಕೊಳ್ಳುವವರು): ಸಾಕ್ಸ್‌ಲೆಟ್‌ನಲ್ಲಿ ನೀರು ಯಾಕೆ? 100 ಡಿಗ್ರಿಯಲ್ಲಿ ಕುದಿಯಬೇಕು, ಸಪೋನಿನ್ ಇದ್ದರೆ ನೊರೆ ಉಕ್ಕಿ ಬರುತ್ತದೆ. ಉಳಿದ ಪುಡಿಯನ್ನು ಬಾಟಲಿಯಲ್ಲಿ ನೀರು ಹಾಕಿ 24 ಗಂಟೆ ನೆನೆಸಿ. ಸುಮ್ಮನೆ ಮೇಜಿನ ಮೇಲಿಟ್ಟರೆ ಬೂಷ್ಟು ಹಿಡಿಯುತ್ತದೆ, ಫ್ರಿಜ್‌ನಲ್ಲಿಡಿ. ಒಂದು ದ್ರಾವಕ ಮುಗಿಸಿ ಇನ್ನೊಂದಕ್ಕೆ ಹೋಗುವ ಮುಂಚೆ ಪುಡಿಯನ್ನು ಹೊರತೆಗೆದು ವಾಸನೆ ಹೋಗುವವರೆಗೆ ಫ್ಯೂಮ್ ಹುಡ್‌ನಲ್ಲಿ ಆರಿಸಿ. ಇಲ್ಲವಾದರೆ ಹೆಕ್ಸೇನ್‌ನ ಜಿಡ್ಡು ಮುಂದಿನ ಸಾರಕ್ಕೆ ಬರುತ್ತದೆ, ಇಳುವರಿ ಲೆಕ್ಕವೂ ಕೆಡುತ್ತದೆ. ಥಿಂಬಲ್‌ನಲ್ಲಿ (ಪುಡಿ ತುಂಬುವ ಸೋಸುಚೀಲ) ಪುಡಿ ಸೈಫನ್ ಕೊಳವೆಯ ತುದಿಗಿಂತ ಕೆಳಗೇ ಇರಬೇಕು. ಪುಡಿ ತೀರಾ ನಯವಾದರೆ ದ್ರಾವಕ ಇಳಿಯದೆ ಕಟ್ಟಿಕೊಳ್ಳುತ್ತದೆ, ರವೆಯ ಹದ ಸಾಕು. ಮೇಯರ್‌ನಲ್ಲಿ ಪಾದರಸದ ಲವಣವಿದೆ, ಸಿಂಕಿಗೆ ಸುರಿಯಬೇಡಿ. ಕ್ಲೋರೋಫಾರ್ಮ್ ತ್ಯಾಜ್ಯದ ಡಬ್ಬಿಗೆ ಅಸಿಟೋನ್ ಬೀಳದಂತೆ ನೋಡಿ. ಕ್ಷಾರವೂ ಸೇರಿದರೆ ಬಿಸಿಯೇರಿ ಸಿಡಿಯಬಹುದು.

ಉತ್ತರ 3: ಫೆರಿಕ್ ಕ್ಲೋರೈಡ್‌ನ ಹಸಿರು ಕ್ಲೋರೋಫಿಲ್‌ನದೇ ಇರಬೇಕು. ಮೆಥನಾಲ್ ಸಾರವನ್ನು ಬಿಸಿ ನೀರಿನಲ್ಲಿ ಕದಡಿ, ತಣ್ಣಗಾದ ಮೇಲೆ ಸೋಸಿ, ತಿಳಿಗೆ 5% ದ್ರಾವಣ ಎರಡೇ ಹನಿ ಹಾಕಿ. ಹೆಚ್ಚು ಸುರಿದರೆ ಅದರ ಹಳದಿಯೇ ಎಲ್ಲವನ್ನೂ ಮುಚ್ಚುತ್ತದೆ. ಫ್ಲೇವನಾಯ್ಡ್ ಪತ್ತೆಯ ಶಿನೋಡಾ ಪರೀಕ್ಷೆಯಲ್ಲಿ ಮೆಗ್ನೀಸಿಯಂ ಹಾಕದ ಒಂದು ಕೊಳವೆ ಪಕ್ಕದಲ್ಲಿರಲಿ, ಆಮ್ಲವೊಂದರಿಂದಲೇ ಕೆಂಪಾದರೆ ಅದು ಆಂಥೋಸಯನಿನ್ ಎಂಬ ವರ್ಣದ್ರವ್ಯ.

ಉತ್ತರ 4 (ವಿಶ್ಲೇಷಣಾ ರಸಾಯನಶಾಸ್ತ್ರ): ಜಿಸಿ-ಎಂಎಸ್‌ಗೆ ಹೆಕ್ಸೇನ್ ಸಾರ ಕಳಿಸಿ, ಅದು ಆವಿಯಾಗುವ ವಸ್ತುಗಳನ್ನಷ್ಟೇ ನೋಡುತ್ತದೆ. ಫ್ಲೇವನಾಯ್ಡ್ ಗ್ಲೈಕೋಸೈಡ್‌ಗಳು ಅಲ್ಲಿ ಕಾಣುವುದಿಲ್ಲ. ಪಟ್ಟಿಯಲ್ಲಿ ಥಾಲೇಟ್ ಬಂದರೆ 'ಔಷಧೀಯ ಸಂಯುಕ್ತ' ಎಂದು ಬರೆಯಬೇಡಿ. ಬಹುಪಾಲು ಅದು ಪ್ಲಾಸ್ಟಿಕ್ ವಯಲ್, ಕೊಳವೆಯಿಂದ ಬಂದದ್ದು, ಸಿಲಾಕ್ಸೇನ್ ಕಾಲಮ್ಮಿನಿಂದ. ಪ್ರಕಟವಾದ ಲೇಖನಗಳಲ್ಲೂ ಈ ತಪ್ಪು ಸಿಗುತ್ತದೆ! ಗಾಜಿನ ಸಾಮಾನು ಬಳಸಿ, ಎಲೆಯಿಲ್ಲದ ಖಾಲಿ ದ್ರಾವಕವನ್ನೂ ಅಷ್ಟೇ ಆರಿಸಿ ಜೊತೆಗೆ ಕಳಿಸಿ. ವ್ಯಾಸಿಸಿನ್‌ಗೆ ಎಲ್‌ಸಿ-ಎಂಎಸ್ (ದ್ರವದಲ್ಲೇ ಬೇರ್ಪಡಿಸಿ ಗುರುತಿಸುವ ಯಂತ್ರ) ಬೇಕು: ಪಾಸಿಟಿವ್ ಮೋಡ್‌ನಲ್ಲಿ ಅಯಾನಿನ m/z 189, ವ್ಯಾಸಿಸಿನೋನ್ 203. ವ್ಯಾಸಿಸಿನ್ ಗಾಳಿಗೆ ಉತ್ಕರ್ಷಣಗೊಂಡು ವ್ಯಾಸಿಸಿನೋನ್ ಆಗುತ್ತದೆ, ಆದ್ದರಿಂದ ದಿನಗಟ್ಟಲೆ ಕಾಯಿಸಿದ ಸಾರ ನೋಡಿ ಎಲೆಯಲ್ಲಿ ಎರಡರ ಪ್ರಮಾಣ ಇಷ್ಟು ಎನ್ನಬಾರದು. ಅಷ್ಟು ಹಣವಿಲ್ಲದಿದ್ದರೆ ಸಿಲಿಕಾ ಟಿಎಲ್‌ಸಿ (ತೆಳುಪದರ ಕ್ರೊಮ್ಯಾಟೋಗ್ರಫಿ) ತಟ್ಟೆ. ತಟ್ಟೆಯ ಮೇಲೆ ಏರುವ ದ್ರಾವಕ ಈಥೈಲ್ ಅಸಿಟೇಟ್, ಮೆಥನಾಲ್, ಅಮೋನಿಯಾ 8:2:0.2. ಪಕ್ಕದಲ್ಲಿ ಶುದ್ಧ ವ್ಯಾಸಿಸಿನ್ ಚುಕ್ಕೆ ಇಟ್ಟು ಡ್ರಾಗೆನ್‌ಡಾರ್ಫ್ ಸಿಂಪಡಿಸಿ, ಕಿತ್ತಳೆ ಚುಕ್ಕೆ ಅದೇ ಎತ್ತರಕ್ಕೆ ಬರಬೇಕು.

ಉತ್ತರ 5 (ಸಸ್ಯ ಗುರುತಿಸುವವರು): ಗಿಡ ಗುರುತಿಸಿ ಹರ್ಬೇರಿಯಂ ಹಾಳೆ ಮಾಡಿಟ್ಟಿದ್ದೀರಾ? ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆಡುಸೋಗೆಯನ್ನಂತೂ ಅದು ಮುಟ್ಟುವುದಿಲ್ಲ. ಆದರೆ ಆಡುಮುಟ್ಟದ ಬಳ್ಳಿ ಬೇರೆಯೇ, ಅದು ಟೈಲೋಫೋರಾ. ಅದನ್ನೂ ಉಬ್ಬಸಕ್ಕೆ ಬಳಸುತ್ತಾರೆ, ಅದರಲ್ಲೂ ಆಲ್ಕಲಾಯ್ಡ್ ಇದೆ, ಆದ್ದರಿಂದ ಮೇಯರ್ ನಿಮಗೆ ವ್ಯತ್ಯಾಸ ಹೇಳುವುದಿಲ್ಲ. ಅಂಗಡಿಯ ಪುಡಿಯಾಗಿದ್ದರೆ ಮೈಕ್ರೋಸ್ಕೋಪಿನಲ್ಲಿ ನೋಡಿ: ಆಡುಸೋಗೆಯಲ್ಲಿ ಉದ್ದನೆಯ ಸಿಸ್ಟೋಲಿತ್‌ಗಳೂ (ಕೋಶದೊಳಗಿನ ಕ್ಯಾಲ್ಸಿಯಂ ಕಾರ್ಬೊನೇಟ್ ಗಂಟುಗಳು) ಡಯಾಸಿಟಿಕ್ (ಎರಡು ಸಹಾಯಕ ಕೋಶಗಳು ಅಡ್ಡವಾಗಿ ಸುತ್ತುವರಿದ) ಪತ್ರರಂಧ್ರಗಳೂ ಸಿಗಬೇಕು.