ಭೋಂಗಾ ಇಲ್ಲದ ಕೆಲಸ

ಕಳೆದ ಸಲದ ಸಮಸ್ಯೆ (ಓದುಗರ ಉತ್ತರಗಳು ಕೆಳಗಿವೆ): ವಯಸ್ಸು 29, ಊರು ಹುಬ್ಬಳ್ಳಿ. ಸಾಫ್ಟ್‌ವೇರ್ ಕೆಲಸ, ಮನೆಯಿಂದಲೇ. ಸಂಬಳ ಚೆನ್ನಾಗಿದೆ. ಆದರೆ ರಾತ್ರಿ ಹನ್ನೊಂದಾದರೂ ಲ್ಯಾಪ್‌ಟಾಪ್ ಮುಚ್ಚುವ ಹಾಗಿಲ್ಲ. ‘ನಾವೆಲ್ಲ ಒಂದೇ ಕುಟುಂಬ’ ಅನ್ನುತ್ತಾರೆ ಮ್ಯಾನೇಜರ್. ಮಾಡುವ ಕೆಲಸ ನನ್ನದು ಅನ್ನಿಸುತ್ತಿಲ್ಲ. ಬಿಡುತ್ತೇನೆ ಅಂದರೆ, ರೈಲ್ವೆ ವರ್ಕ್‌ಶಾಪ್‌ನಲ್ಲಿ ದುಡಿದು ನಿವೃತ್ತರಾದ ಅಪ್ಪ ‘ನಿಮಗೆಲ್ಲ ಮೈಗಳ್ಳತನ’ ಎಂದು ಬೈಯುತ್ತಾರೆ. ಏನು ಮಾಡಲಿ?

ತಮ್ಮಾ, ನಾನೂ ಅದೇ ವರ್ಕ್‌ಶಾಪ್‌ನಲ್ಲಿ ಫಿಟರ್ ಆಗಿದ್ದವನು. ನಿಮ್ಮ ಅಪ್ಪನಿಗೆ ಒಂದೇ ಪ್ರಶ್ನೆ ಕೇಳಿ: ಕೆಲಸ ಮುಗಿಯಿತೆಂದು ಸಂಜೆಯ ಭೋಂಗಾ (ಸೈರನ್) ಕೂಗಿದ ಮೇಲೆ ಎಷ್ಟು ನಿಮಿಷ ಒಳಗೆ ಇರುತ್ತಿದ್ದಿರಿ? ನಾವಂತೂ ಮೊದಲೇ ಸೀಮೆಎಣ್ಣೆ ಅರಿವೆಯಿಂದ ಕೈಯ ಗ್ರೀಸ್ ಒರೆಸಿಕೊಂಡು, ಸೈಕಲ್ ಕಡೆ ಒಂದು ಕಣ್ಣಿಟ್ಟು ನಿಂತಿರುತ್ತಿದ್ದೆವು. ಗೇಟು ತೆರೆದರೆ ಗದಗ ರಸ್ತೆ ತುಂಬ ಸೈಕಲ್ಲು. ಆಮೇಲೆ ನಮ್ಮನ್ನು ಕೇಳುವವರಿಲ್ಲ. ಒಬ್ಬ ಭಜನೆಗೆ, ಒಬ್ಬ ನಾಟಕದ ತಾಲೀಮಿಗೆ, ನಾನು ಇಸ್ಪೀಟಿಗೆ. ಸುಳ್ಳು ಯಾಕೆ ಹೇಳಲಿ! ಬೋಗಿ ರಿಪೇರಿಯಲ್ಲಿ ಆತ್ಮತೃಪ್ತಿ ಸಿಕ್ಕಿತಾ ಅಂತ ಯಾರೂ ಕೇಳಲಿಲ್ಲ, ನಾವೂ ಹುಡುಕಲಿಲ್ಲ. ಸಂಜೆ ನಮ್ಮದಾಗಿತ್ತು. ನಿಮ್ಮ ಕೆಲಸಕ್ಕೆ ಭೋಂಗಾನೇ ಇಲ್ಲ.
– ನಿವೃತ್ತ ಫಿಟರ್, ಹುಬ್ಬಳ್ಳಿ

ಅವ್ವ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಿದ್ದಳು. ಚಕ್ರದ 24 ಗೆರೆ ಎರಡೂ ಬದಿಗೆ ಸರಿಯಾಗಿ ಕೂರಬೇಕು. ಆಗಸ್ಟ್ 15ರಂದು ನಾವೆಲ್ಲ ಟೀವಿಯಲ್ಲಿ ಭಾಷಣ ಕೇಳಿದರೆ, ಅವ್ವ ಧ್ವಜದ ಅಂಚಿನ ಹೊಲಿಗೆ ನೋಡುತ್ತಿದ್ದಳು. ನಾನು ಬರೆಯುವ ಕೋಡ್ ಎಲ್ಲಿ ಓಡುತ್ತದೋ ನನಗೇ ಗೊತ್ತಿರಲಿಲ್ಲ. ಒಮ್ಮೆ ಹಟ ಹಿಡಿದು, ಅದನ್ನು ಬಳಸುವ ಒಂದು ಗೋದಾಮಿನಲ್ಲಿ ಅರ್ಧ ದಿನ ಕೂತೆ. ಅಲ್ಲಿನ ಗುಮಾಸ್ತರು ನಾನು ಮಾಡಿದ ಬಟನ್ನನ್ನು ಮೂರು ಮೂರು ಸಲ ಒತ್ತುತ್ತಿದ್ದರು. ‘ಒಂದ್ ಸಲಕ್ಕ ಆಗಂಗಿಲ್ರಿ ಇದು, ರೂಢಿ ಆಗೇತಿ’ ಅಂದರು. ನಾಚಿಕೆಯಾಯಿತು. ಅದನ್ನು ಸರಿ ಮಾಡಿದ ದಿನ, ಮೂರು ವರ್ಷದಲ್ಲಿ ಮೊದಲ ಸಲ, ಇದು ನನ್ನ ಕೆಲಸ ಅನ್ನಿಸಿತು. ನೀವೂ ಹಾಗೆ ಒಮ್ಮೆ ಕಳಿಸಿ ಅಂತ ಕೇಳಿ ನೋಡಿ. ಕಳಿಸಲ್ಲ ಅಂದರೆ ಬೇರೆ ಕಂಪನಿ ಹುಡುಕಲು ಅದೇ ಕಾರಣ ಸಾಕು.
– ಓದುಗರು, ಹುಬ್ಬಳ್ಳಿ

ಕುಟುಂಬದ ಮಾತು ಇರಲಿ, ಕಾನೂನಿನ ಮಾತು ಆಡೋಣ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9, ವಾರಕ್ಕೆ 48 ತಾಸು. ಅದಕ್ಕೂ ಜಾಸ್ತಿ ದುಡಿಸಿದರೆ ಎರಡು ಪಟ್ಟು ಕೂಲಿ. ಆಡಳಿತದ ಹುದ್ದೆಯಲ್ಲಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. ನೇಮಕಾತಿ ಪತ್ರ ತೆಗೆದು ನಿಮ್ಮ ಹುದ್ದೆ ಏನೆಂದು ಓದಿ.
– ಓದುಗರು, ಧಾರವಾಡ

‘ಕಾಯಕವೇ ಕೈಲಾಸ’ ಎಂಬ ಬೋರ್ಡು ನಿಮ್ಮ ಆಫೀಸಿನಲ್ಲೂ ಇರಬಹುದು. ವಚನಕಾರ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ ಕಳಿಸಿದಳು. ಆ ಕಥೆ ಬೋರ್ಡಿನಲ್ಲಿ ಇರಲ್ಲ. ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ಆರು ತಿಂಗಳ ಖರ್ಚು, ಸಾಲದ ಕಂತು ಲೆಕ್ಕ ಹಾಕಿ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ: ರಾತ್ರಿ ಹನ್ನೊಂದಕ್ಕೆ ಬರುವ ಮ್ಯಾನೇಜರ್ ಫೋನು ನೀವು ಎತ್ತಬೇಡಿ, ಅಪ್ಪನ ಕೈಗೆ ಕೊಡಿ.
– ಓದುಗರು, ಗದಗ