ಡೇಕೇರ್‌ನಲ್ಲಿ ಕಿರುಚಾಟ, ಗಮನಕ್ಕಾಗಿ ರಂಪ: 14 ಮಕ್ಕಳು, ಮೂವರು ದೊಡ್ಡವರು. ದಾರಿ ಹೇಳಿ

ಪ್ರಶ್ನೆ — ಹೂಬಳ್ಳಿ

ಮನೆಯ ಕೆಳಮಹಡಿಯಲ್ಲಿ ನಡೆಯುವ ಡೇಕೇರ್. ಬೆಳಿಗ್ಗೆ 9ರಿಂದ ಸಂಜೆ 6. ಎರಡೂವರೆಯಿಂದ ಐದು ವರ್ಷದ 14 ಮಕ್ಕಳು, ನೋಡಿಕೊಳ್ಳೋಕೆ ಮೂವರು, ಅದರಲ್ಲಿ ಒಬ್ಬರಿಗೆ ಅಡುಗೆ ಮನೆಯ ಕೆಲಸವೂ ಇದೆ. ಇರೋದು ಒಂದೇ ಹಾಲ್: 20 ಅಡಿ ಉದ್ದ, 15 ಅಡಿ ಅಗಲ, ಆರ್‌ಸಿಸಿ ಛಾವಣಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್.

ಎರಡು ಹೊತ್ತಿನಲ್ಲಿ ಗಲಾಟೆ ಕೈಮೀರುತ್ತೆ. 11:45ರಿಂದ ಊಟ ಬಡಿಸುವವರೆಗೆ ಒಂದು ಸಲ, ಸಂಜೆ 4:30ರ ಮೇಲೆ ಇನ್ನೊಂದು ಸಲ. ಇದರ ಜೊತೆ ಇಬ್ಬರು ಮಕ್ಕಳದ್ದು ಬೇರೆಯೇ ತಲೆನೋವು. ನಾಲ್ಕು ವರ್ಷದ ಹುಡುಗಿ, ನಾವು ಬೇರೆ ಮಗುವಿನ ಕಡೆ ತಿರುಗಿದ ಕೂಡಲೇ ಕಿವಿ ಸೀಳುವ ಹಾಗೆ ಕಿರುಚುತ್ತಾಳೆ. ಮೂರು ವರ್ಷದ ಹುಡುಗ, ಇಡೀ ದಿನ ಜೋರು ದನಿಯಲ್ಲೇ ಮಾತು, ಆಟದ ಸಾಮಾನು ಎಸೆಯೋದು.

"ಶ್ಶ್" ಅಂದಾಯ್ತು. ಮೂಲೆಯಲ್ಲಿ ಕೂರಿಸಿದ್ದಾಯ್ತು. ಮೊಬೈಲಲ್ಲಿ ಕಾರ್ಟೂನ್ ಹಾಕಿದರೆ ಹತ್ತು ನಿಮಿಷ ಸುಮ್ಮನಿರ್ತಾರೆ, ಆರಿಸಿದರೆ ದುಪ್ಪಟ್ಟು. ಸ್ಟಾರ್ ಚಾರ್ಟ್ (ಒಳ್ಳೆಯ ನಡತೆಗೆ ನಕ್ಷತ್ರ ಅಂಟಿಸುವ ಪಟ್ಟಿ) ಒಂದು ವಾರ ನಡೀತು, ಆಮೇಲೆ ಯಾರೂ ಅದರ ಕಡೆ ನೋಡಲಿಲ್ಲ. ಹೊಡೆಯೋದು, ಗದರಿಸೋದು ನಮ್ಮಲ್ಲಿ ಇಲ್ಲ, ಅದನ್ನ ಯಾರೂ ಸೂಚಿಸಬೇಡಿ. ಎಲ್ಲಿಂದ ಶುರು ಮಾಡಲಿ?

ಉತ್ತರ 1 — ಅಳಗುಳಿಮಣೆ

ಹೂಬಳ್ಳಿ ಅಕ್ಕ, ಮೊದಲು ಮೂರು ದಿನ ಏನನ್ನೂ ಬದಲಾಯಿಸಬೇಡಿ, ಬರೀರಿ ಅಷ್ಟೇ. ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ: ಗಂಟೆ, ಕಿರುಚುವ ಮುಂಚೆ ಏನಾಗ್ತಿತ್ತು, ಏನು ಮಾಡಿತು, ಆಮೇಲೆ ದೊಡ್ಡವರು ಏನು ಮಾಡಿದರು. ಉತ್ತರ ಸಾಮಾನ್ಯವಾಗಿ ನಾಲ್ಕನೇ ಕಾಲಂನಲ್ಲೇ ಸಿಗುತ್ತೆ. ಮಗು ಕಿರುಚಿದಾಗ ಯಾರೋ ಒಬ್ಬರು ತಿರುಗಿ ನೋಡಿ, ಹೆಸರು ಹಿಡಿದು ಕರೆದು, ಹತ್ತಿರ ಹೋಗಿರ್ತಾರೆ. ಬೈದರೂ ಅದು ಗಮನವೇ. ಮಗುವಿನ ಲೆಕ್ಕದಲ್ಲಿ ಕಿರುಚಿದ್ದಕ್ಕೆ ಕೂಲಿ ಸಿಕ್ಕಿತು.

ಹುಡುಗಿಯ ವಿಷಯಕ್ಕೆ ಬರೋಣ. ನಿಮ್ಮ ಬರಹದಲ್ಲಿ ಅವಳು ಸರಾಸರಿ ಎಂಟು ನಿಮಿಷಕ್ಕೊಮ್ಮೆ ಕಿರುಚುತ್ತಾಳೆ ಅಂತ ಬಂತು ಅಂದುಕೊಳ್ಳಿ. ಆಗ ನೀವು ಐದು ನಿಮಿಷಕ್ಕೊಮ್ಮೆ, ಅವಳು ಸುಮ್ಮನಿರುವಾಗಲೇ, ಅವಳ ಹತ್ತಿರ ಹೋಗಬೇಕು. ಫೋನ್ ವೈಬ್ರೇಷನ್‌ಗೆ ಹಾಕಿ ಏಪ್ರನ್ ಜೇಬಲ್ಲಿ ಇಟ್ಟುಕೊಳ್ಳಿ. ನಡುಗಿದಾಗ ಹೋಗಿ ಕುಕ್ಕರಗಾಲಲ್ಲಿ ಕೂತು, ಬೆನ್ನ ಮೇಲೆ ಕೈ ಇಟ್ಟು, ಅವಳು ಮಾಡ್ತಿರೋದನ್ನೇ ಹೇಳಿ: "ಕೆಂಪು ಇಟ್ಟಿಗೆ ಮೇಲೆ ನೀಲಿ ಇಟ್ಟೆ. ಈಗ ಹಳದಿ ಹುಡುಕ್ತಿದ್ದೀಯ." ಪ್ರಶ್ನೆ ಬೇಡ, ಪಾಠ ಬೇಡ. ಹತ್ತು ಸೆಕೆಂಡ್ ಸಾಕು, ಎದ್ದು ಬನ್ನಿ. "ಜಾಣ ಮರಿ" ಅನ್ನೋದರಿಂದ ಹೆಚ್ಚು ಪ್ರಯೋಜನ ಇಲ್ಲ, ಯಾವುದಕ್ಕೆ ಜಾಣ ಅನ್ನೋದು ಮಗುವಿಗೆ ಗೊತ್ತಾಗಲ್ಲ. ನಾಲ್ಕೈದು ದಿನ ಕಿರುಚಾಟ ಇಳಿಮುಖವಾದರೆ ಏಳು ನಿಮಿಷಕ್ಕೆ ಏರಿಸಿ, ಆಮೇಲೆ ಹತ್ತು, ಆಮೇಲೆ ಹದಿನೈದು. ಎರಡೇ ದಿನಕ್ಕೆ ಏರಿಸಿದರೆ ಮೊದಲಿನ ಜಾಗಕ್ಕೇ ಬರ್ತೀರ.

ಇದರ ಜೊತೆಗೇ ಕರೆಯುವ ಬೇರೆ ದಾರಿ ಕಲಿಸಿ. ಅವಳು ನಿಮ್ಮ ಮುಂಗೈ ಮೇಲೆ ತನ್ನ ಕೈ ಇಡಬೇಕು, ನೀವು ಆ ಕೈ ಮೇಲೆ ನಿಮ್ಮ ಇನ್ನೊಂದು ಕೈ ಇಡಬೇಕು. "ನೀ ಬಂದಿದ್ದು ಗೊತ್ತಾಯ್ತು" ಅಂತ ಅದರರ್ಥ. ಇದನ್ನ ಅವಳು ಸಮಾಧಾನವಾಗಿ ಇರುವಾಗ ಆಟದ ಹಾಗೆ ದಿನಕ್ಕೆ ಐದಾರು ಸಲ ಮಾಡಿಸಿ, ರಂಪದ ನಡುವೆ ಕಲಿಸೋಕೆ ಹೋಗಬೇಡಿ. ಮೊದಲ ವಾರ ಕೈ ಇಟ್ಟ ಎರಡು ಸೆಕೆಂಡಿನೊಳಗೆ ಅವಳ ಕಡೆ ತಿರುಗಲೇಬೇಕು. ಕೈ ಇಟ್ಟು ಅರ್ಧ ನಿಮಿಷ ಕಾಯೋದಕ್ಕಿಂತ ಕಿರುಚಿದರೆ ಬೇಗ ಸಿಗುತ್ತೆ ಅನಿಸಿದರೆ ಕಿರುಚುವುದನ್ನೇ ಆರಿಸಿಕೊಳ್ತಾಳೆ, ತಪ್ಪು ಅವಳದ್ದಲ್ಲ.

ಆಮೇಲಷ್ಟೇ ಕಿರುಚಾಟವನ್ನ ಕೇಳಿಸಿಕೊಳ್ಳದ ಹಾಗೆ ಇರೋದು. ಹೀಗೆ ಮಾಡಿದಾಗ ಮೊದಲ ಮೂರ್ನಾಲ್ಕು ದಿನ ಕಿರುಚಾಟ ಜಾಸ್ತಿ ಆಗಬಹುದು. ನಲ್ಲಿಯಲ್ಲಿ ನೀರು ಬರದಿದ್ದಾಗ ನಾವು ಇನ್ನೂ ತಿರುಗಿಸ್ತೀವಲ್ಲ, ಹಾಗೆ. ಬಹಳ ಜನ ಸೋಲೋದು ಇಲ್ಲೇ. ಐದು ಕೂಗು ತಡೆದು ಆರನೆಯದಕ್ಕೆ ಓಡಿದರೆ, ಆರು ಸಲ ಕೂಗಬೇಕು ಅಂತ ಕಲಿಸಿದ ಹಾಗೆ. ಮೂವರೂ ಒಂದೇ ಥರ ನಡೆದುಕೊಳ್ಳದಿದ್ದರೆ ಇದನ್ನ ಶುರುವೇ ಮಾಡಬೇಡಿ.

ಸ್ಟಾರ್ ಚಾರ್ಟ್ ನಿಂತಿದ್ದು ಸಹಜ. ಮೂರ್ನಾಲ್ಕು ವರ್ಷದವರಿಗೆ ಸಂಜೆಯ ನಕ್ಷತ್ರ ಬಹಳ ದೂರ. ಕಿರುಚಿದ ಮೇಲೆ ಕೊಟ್ಟ ಕಾರ್ಟೂನ್ ಅಂತೂ ಕಿರುಚಿದ್ದಕ್ಕೆ ಕೊಟ್ಟ ಬಹುಮಾನವೇ.

ಉತ್ತರ 2 — ಪಾಟಿಕಲ್ಲು

ಮೇಲಿನವರು ಹೇಳಿದ್ದಕ್ಕೆ ಎರಡು ತಿದ್ದುಪಡಿ. ಮೂರು ವರ್ಷದೊಳಗಿನ ಮಗು ಅತ್ತರೆ, ಕಿರುಚಿದರೆ ಕೇಳಿಸದ ಹಾಗೆ ಇರೋ ಪ್ರಯೋಗ ಮಾಡಬೇಡಿ. ಆ ವಯಸ್ಸಿನಲ್ಲಿ ಕಾಯುವ ಶಕ್ತಿಯೇ ಬೆಳೆದಿರಲ್ಲ, ಎತ್ತಿಕೊಂಡು ಸಮಾಧಾನ ಮಾಡೋದೇ ಕೆಲಸ. ಎಷ್ಟೇ ವಯಸ್ಸಾಗಿರಲಿ, ಹೊಡೆತ, ಕಚ್ಚುವುದು, ನೋವಿನ ಅಳು, ಹೆದರಿದ ಅಳು, "ಸುಸು" ಅನ್ನೋ ಕೂಗು, ಇವಕ್ಕೆ ತಕ್ಷಣ ಓಗೊಡಬೇಕು. ಎರಡನೆಯದು, ಒಂದೇ ಹಾಲ್‌ನಲ್ಲಿ ಒಂದು ಮಗು ಕಿರುಚುತ್ತಿರುವಾಗ ಗೋಡೆ ನೋಡ್ತಾ ನಿಲ್ಲೋಕಾಗಲ್ಲ, ಉಳಿದ 13 ಮಕ್ಕಳು ಗಾಬರಿಯಾಗ್ತಾರೆ. ಪಕ್ಕದಲ್ಲಿ ಮೆಲ್ಲಗೆ ಮಾತಾಡ್ತಿರುವ ಮಗುವಿನ ಹತ್ತಿರ ಹೋಗಿ, "ಮೆಲ್ಲಗೆ ಕೇಳಿದೆಯಲ್ಲ, ತಗೋ ಕೊಡ್ತೀನಿ" ಅನ್ನಿ. ಕಿರುಚುತ್ತಿದ್ದವಳು ಉಸಿರು ತಗೊಳ್ಳೋಕೆ ನಿಲ್ಲಿಸಿದ ಮೂರು ಸೆಕೆಂಡ್ ಇರುತ್ತಲ್ಲ, ಆಗ ಅವಳ ಕಡೆ ತಿರುಗಿ.

ಈಗ ಗಡಿಯಾರದ ವಿಷಯ. 11:45ರ ಗಲಾಟೆ ಸ್ವಭಾವದ್ದಲ್ಲ, ಹಸಿವಿನದ್ದು ಮತ್ತು ಕಾಯುವುದರದ್ದು. 14 ಮಕ್ಕಳನ್ನ ಒಟ್ಟಿಗೆ ಎಬ್ಬಿಸಿ ಒಂದೇ ಬೇಸಿನ್ ಮುಂದೆ ಸಾಲಾಗಿ ನಿಲ್ಲಿಸಿದರೆ, ಒಬ್ಬೊಬ್ಬರಿಗೆ 40 ಸೆಕೆಂಡ್ ಅಂದರೂ ಕೊನೆಯ ಮಗು ಒಂಬತ್ತು ನಿಮಿಷ ನಿಂತಿರುತ್ತೆ. ತಳ್ಳಾಟ ಆಗದೆ ಇನ್ನೇನಾಗುತ್ತೆ? ಹೀಗೆ ಮಾಡಿ: 10:15ಕ್ಕೆ ಬಾಳೆಹಣ್ಣು, ಇಲ್ಲವೇ ಒಂದು ಹಿಡಿ ಕಡ್ಲೆಹಿಟ್ಟಿನ ಉಂಡೆಯಂಥದ್ದು ಕೊಡಿ. ಇಡೀ ಕಡಲೆಬೀಜ, ಹುರಿಗಡಲೆ ಕೊಡಬೇಡಿ, ಉಸಿರುನಾಳಕ್ಕೆ ಹೋಗುತ್ತೆ. 11:30ಕ್ಕೆ ಒಬ್ಬರು ನಾಲ್ಕು ಮಕ್ಕಳನ್ನ ಕೈ ತೊಳೆಯೋಕೆ ಕರೆದುಕೊಂಡು ಹೋಗಲಿ, ಇನ್ನೊಬ್ಬರ ಹತ್ತಿರ ಉಳಿದವರು ಆಡುತ್ತಿರಲಿ. ಕೈ ತೊಳೆದು ಬಂದವರು ನೇರವಾಗಿ ಚಾಪೆ ಮೇಲೆ, ತಟ್ಟೆಯಲ್ಲಿ ಆಗಲೇ ಎರಡು ಹೋಳು ಸೌತೆಕಾಯಿ ಇರಬೇಕು. ಖಾಲಿ ಸ್ಟೀಲ್ ತಟ್ಟೆ ಮುಂದಿಟ್ಟರೆ ಅದು ಜಾಗಟೆ ಆಗುತ್ತೆ. ಅನ್ನ ಬೆಂದ ಮೇಲೆ ಮಕ್ಕಳನ್ನ ಕೂರಿಸಿ, ಕೂರಿಸಿದ ಮೇಲೆ ಅನ್ನಕ್ಕೆ ಇಡಬೇಡಿ.

ಕೈ ತೊಳೆಯುವ ಸರದಿಗೆ ಕಾಯುವವರಿಗೆ "ಕೆರೆ–ದಡ" ಆಡಿಸಿ. ನೆಲದ ಮೇಲೆ ಹಗ್ಗ, ಆ ಕಡೆ ಕೆರೆ, ಈ ಕಡೆ ದಡ. ಮೊದಲು ಜೋರಾಗಿ ಹೇಳಿ, ಎರಡನೇ ಸುತ್ತಿನಲ್ಲಿ ಮೆಲ್ಲಗೆ, ಮೂರನೇ ಸುತ್ತಿನಲ್ಲಿ ಪಿಸುಮಾತಲ್ಲಿ. ಪಿಸುಮಾತು ಕೇಳಿಸಬೇಕಾದರೆ ಮಕ್ಕಳೇ ಸದ್ದು ಇಳಿಸ್ತಾರೆ. "ಬೇಡ" ಅಂತ ತಡೆದು ನಿಲ್ಲುವುದನ್ನ ಈ ಆಟ ಕಲಿಸುವಷ್ಟು ಚೆನ್ನಾಗಿ ನಮ್ಮ ಉಪದೇಶ ಕಲಿಸಲ್ಲ.

ಸಂಜೆ 4:30ಕ್ಕೆ ಹಾಡು, ಕುಣಿತ ಇಟ್ಟಿದ್ದರೆ ತೆಗೆದುಬಿಡಿ. ದಣಿದ ಮಗು ಕುಣಿದರೆ ಇನ್ನಷ್ಟು ಕೆರಳುತ್ತೆ. ನಿದ್ದೆಯಿಂದ ಎದ್ದ ಮೇಲೆ ತಿಂಡಿ, ಆಮೇಲೆ ಅರ್ಧ ಗಂಟೆ ಅಂಗಳ ಅಥವಾ ಟೆರೇಸು (ಪ್ಯಾರಾಪೆಟ್ ಎತ್ತರ ನೋಡಿಕೊಂಡು), ಆಮೇಲೆ ಕೈಗೆ ಭಾರ ಕೊಡುವ ಕೆಲಸ. ಹಿಟ್ಟು ನಾದುವುದು ಎಲ್ಲಕ್ಕಿಂತ ಒಳ್ಳೇದು: ಎರಡು ಲೋಟ ಗೋಧಿಹಿಟ್ಟು, ಒಂದು ಲೋಟ ಪುಡಿ ಉಪ್ಪು, ಒಂದು ಚಮಚ ಎಣ್ಣೆ, ನೀರು ಸ್ವಲ್ಪಸ್ವಲ್ಪವಾಗಿ ಮುಕ್ಕಾಲು ಲೋಟದಷ್ಟು. ಬಣ್ಣಕ್ಕೆ ಬೀಟ್‌ರೂಟ್ ನೀರು. ಡಬ್ಬಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಬರುತ್ತೆ. ಇನ್ನೂ ಬಾಯಿಗೆ ಹಾಕಿಕೊಳ್ಳುವ ಮಕ್ಕಳಿಗೆ ಉಪ್ಪಿಲ್ಲದ ಚಪಾತಿ ಹಿಟ್ಟು, ಅದನ್ನ ಅವತ್ತೇ ಬಿಸಾಡಿ. ಅಷ್ಟು ಉಪ್ಪು ಹೊಟ್ಟೆಗೆ ಹೋಗಬಾರದು.

ಒಂದು ಮಾತು, ಆಯಾಗಳಿಗೂ ಹೇಳಿ: "ಗುಮ್ಮ ಬರ್ತಾನೆ", "ಪೊಲೀಸ್ ಕರೀತೀನಿ" ಅನ್ನೋದು ಪೂರ್ತಿ ನಿಲ್ಲಬೇಕು. ಹೆದರಿದ ಮಗು ಆ ಕ್ಷಣ ಬಾಯಿ ಮುಚ್ಚುತ್ತೆ, ಆಮೇಲೆ ಮಧ್ಯಾಹ್ನ ಮಲಗಲ್ಲ, ನಿಮ್ಮ ಸೆರಗೂ ಬಿಡಲ್ಲ.

ಉತ್ತರ 3 — ನೂಲುಗೌದಿ

ಎಲ್ಲರೂ ಮಕ್ಕಳ ಬಗ್ಗೆ ಹೇಳಿದ್ದೀರಿ, ನಾನು ಕೋಣೆಯ ಬಗ್ಗೆ ಹೇಳ್ತೀನಿ. ಹಾಲ್ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ. "ಝಣ್" ಅಂತ ಬಾಲ ಎಳೆದರೆ ನಿಮ್ಮ ಗಲಾಟೆಯಲ್ಲಿ ಗೋಡೆಯ ಪಾಲೂ ಇದೆ.

ಲೆಕ್ಕ ಸರಳ. 20×15 ಅಡಿ, ಎತ್ತರ 10 ಅಡಿ ಅಂದರೆ ಸುಮಾರು 85 ಘನ ಮೀಟರ್. ಸಿಮೆಂಟು, ಟೈಲ್ಸ್, ಛಾವಣಿ ಸದ್ದನ್ನ ಹೀರೋದು ನೂರಕ್ಕೆ ಮೂರರಷ್ಟು ಮಾತ್ರ, ಉಳಿದದ್ದೆಲ್ಲ ವಾಪಸ್. ಮಕ್ಕಳ ಮೈ, ಬಟ್ಟೆ ಸೇರಿಸಿದರೂ ಒಂದು ಸದ್ದು ಪೂರ್ತಿ ಅಡಗೋಕೆ ಸುಮಾರು 2 ಸೆಕೆಂಡ್ ಬೇಕು. ಅಷ್ಟರೊಳಗೆ ಇನ್ನೊಂದು ಮಗು ಮಾತಾಡಿರುತ್ತೆ. ಗದ್ದಲದಲ್ಲಿ ಯಾರಾದರೂ ತಮಗೆ ಗೊತ್ತಿಲ್ಲದೆ ದನಿ ಏರಿಸ್ತಾರೆ. ಇದನ್ನ ಲೊಂಬಾರ್ಡ್ ಪರಿಣಾಮ ಅಂತಾರೆ, ಫ್ರಾನ್ಸಿನ ವೈದ್ಯರೊಬ್ಬರ ಹೆಸರು. ನೀವು "ಸುಮ್ನಿರಿ!" ಅಂತ ಕೂಗಿದಾಗ ಆ ಏಣಿಗೆ ನೀವೂ ಒಂದು ಮೆಟ್ಟಿಲು ಸೇರಿಸ್ತೀರಿ.

ದುಬಾರಿ ಪ್ಯಾನಲ್ ಬೇಡ, ಕೌದಿ ಸಾಕು. ಹಳೆ ಸೀರೆ, ಪಂಚೆ ಐದಾರು ಪದರ ಸೇರಿಸಿ ಹೊಲಿದದ್ದು, 6×4 ಅಡಿಯದ್ದು ಆರು ಬೇಕು. ಎಲ್ಲ ಒಂದೇ ಗೋಡೆಗೆ ಹಾಕಬೇಡಿ, ಒಂದಕ್ಕೊಂದು ತಾಗಿದ ಎರಡು ಗೋಡೆಗೆ ಮೂರು ಮೂರು ಹಾಕಿ. ಎದುರುಬದುರು ಗೋಡೆಗಳ ನಡುವೆ ಸದ್ದು ಚೆಂಡಿನ ಹಾಗೆ ಪುಟಿಯೋದು ಆಗ ಎರಡೂ ದಿಕ್ಕಿನಲ್ಲಿ ತಪ್ಪುತ್ತೆ. ಗೋಡೆಗೆ ಎರಡಿಂಚು ದಪ್ಪದ ಮರದ ರೀಪು ಹೊಡೆದು ಅದರಿಂದ ಇಳಿಬಿಡಿ. ಹಿಂದೆ ಆ ಎರಡಿಂಚು ಗಾಳಿ ಇರಲೇಬೇಕು, ಗೋಡೆಗೆ ಅಂಟಿಸಿದರೆ ಮಾತಿನ ದನಿಯನ್ನ ಹೀರೋದು ಬಹಳ ಕಡಿಮೆಯಾಗುತ್ತೆ. ಕೆಳ ಅಂಚು ನೆಲದಿಂದ ಮೂರೂವರೆ ಅಡಿ ಮೇಲಿರಲಿ, ಇಲ್ಲದಿದ್ದರೆ ಜೋತಾಡ್ತಾರೆ. ಸ್ವಿಚ್‌ಬೋರ್ಡು, ಅಡುಗೆ ಮನೆ ಬಾಗಿಲಿಂದ ದೂರ. ಹದಿನೈದು ದಿನಕ್ಕೊಮ್ಮೆ ಕೊಡವಿ ಬಿಸಿಲಿಗೆ ಹಾಕಿ, ದೂಳಿಗೆ ಕೆಮ್ಮು ಬರುವ ಮಕ್ಕಳಿರ್ತಾರೆ.

ಇಷ್ಟು ಮಾಡಿದರೆ 2 ಸೆಕೆಂಡ್ ಇದ್ದದ್ದು ಹೆಚ್ಚುಕಮ್ಮಿ 1 ಸೆಕೆಂಡಿಗೆ ಬರುತ್ತೆ. ಡೆಸಿಬೆಲ್‌ನಲ್ಲಿ ಇಳಿಯೋದು ಮೂರೇ, ಆದರೆ ಮಾತು ಸ್ಪಷ್ಟ ಆಗೋದರಿಂದ ಯಾರೂ ದನಿ ಏರಿಸಬೇಕಾಗಲ್ಲ, ಅಸಲು ಲಾಭ ಅದು. ಮೊಟ್ಟೆ ಟ್ರೇ ಅಂಟಿಸೋರಿದ್ದಾರೆ, ದಯವಿಟ್ಟು ಬೇಡ. ಮಾತಿನ ದನಿಗೆ ತೆಳು ರಟ್ಟು ಹೆಚ್ಚೇನೂ ಮಾಡಲ್ಲ, ಜಿರಳೆ ಸೇರುತ್ತೆ, ಬೆಂಕಿ ಬೇಗ ಹಿಡಿಯುತ್ತೆ. ಥರ್ಮಕೋಲ್ ಕೂಡ ಹಾಗೇ.

ಇಟ್ಟಿಗೆ ಆಟದ ಜಾಗಕ್ಕೆ ನೆಲದ ಮೇಲೆ ದಪ್ಪ ಜಮಖಾನ. ಪ್ಲಾಸ್ಟಿಕ್ ಬುಟ್ಟಿಯಿಂದ ಟೈಲ್ಸ್ ಮೇಲೆ ಇಟ್ಟಿಗೆ ಸುರಿದಾಗ ಬರುವ ಸದ್ದು ಯಾವ ಕಿರುಚಾಟಕ್ಕೂ ಕಡಿಮೆಯಿಲ್ಲ, ಬಟ್ಟೆ ಚೀಲಕ್ಕೆ ಬದಲಾಯಿಸಿ. ಕುರ್ಚಿ ಕಾಲಿಗೆ ಹಳೆ ಸಾಕ್ಸ್ ಹಾಕಿ ರಬ್ಬರ್‌ಬ್ಯಾಂಡ್ ಬಿಗಿಯಿರಿ.

ಹೂಬಳ್ಳಿ

ಮೂರು ದಿನ ಬರೆದಾಯ್ತು. ಹುಡುಗಿಯದ್ದು ಅಳಗುಳಿಮಣೆಯವರು ಹೇಳಿದ ಹಾಗೇ, 31 ಸಲ ಕಿರುಚಿದ್ದರಲ್ಲಿ 26 ಸಲ ನಮ್ಮಲ್ಲೊಬ್ಬರು ಓಡಿದ್ದೀವಿ. ಹುಡುಗನದ್ದು ಮಾತ್ರ ಅರ್ಥ ಆಗ್ತಿಲ್ಲ. ಅವನ ಜೋರು ದನಿಗೆ ಮುಂಚೆ–ಆಮೇಲೆ ಅಂತ ಏನೂ ಇಲ್ಲ, ಒಬ್ಬನೇ ಆಡುವಾಗಲೂ ಜೋರೇ. ಕರೆದರೆ ಎದುರಿಗಿದ್ದಾಗ ಬರ್ತಾನೆ, ಬೆನ್ನ ಹಿಂದಿನಿಂದ ಕರೆದರೆ ಎರಡು ಮೂರು ಸಲ ಕರೀಬೇಕು. ಯಾವಾಗಲೂ ಶೀತ, ಬಾಯಿ ತೆರೆದೇ ಮಲಗ್ತಾನೆ.

ಉತ್ತರ 4 — ಪಾಟಿಕಲ್ಲು

ಹಾಗಿದ್ದರೆ ಅವನದ್ದು ಗಮನ ಸೆಳೆಯೋದಲ್ಲ, ಕಿವಿ ನೋಡಿಸಬೇಕು. ಪದೇಪದೇ ಶೀತ ಆಗುವ ಈ ವಯಸ್ಸಿನ ಮಕ್ಕಳಿಗೆ ಕಿವಿತಮಟೆಯ ಹಿಂದೆ ದ್ರವ ನಿಲ್ಲೋದು ತುಂಬಾ ಸಾಮಾನ್ಯ. ಸಾಮಾನ್ಯವಾಗಿ ನೋವಿರಲ್ಲ, ಸೋರಲ್ಲ, ಹಾಗಾಗಿ ಮನೆಯಲ್ಲೂ ಗೊತ್ತಾಗಲ್ಲ. ಕಿವಿಗೆ ಹತ್ತಿ ತುರುಕಿಕೊಂಡ ಹಾಗೆ ಕೇಳಿಸುತ್ತೆ, ಒಂದು ವಾರ ಕಡಿಮೆ, ಇನ್ನೊಂದು ವಾರ ಜಾಸ್ತಿ. ದೊಡ್ಡವರು "ಬೇಕಾದ್ದು ಮಾತ್ರ ಕೇಳಿಸುತ್ತೆ ಇವನಿಗೆ" ಅಂತ ಬೈಯೋದು ಇಂಥ ಮಕ್ಕಳಿಗೇ.

ಅವನು ಆಟದಲ್ಲಿ ಮುಳುಗಿರುವಾಗ ಮೂರಡಿ ಹಿಂದೆ, ನೆರಳು ಬೀಳದ ಹಾಗೆ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ಹೆಸರು ಹೇಳಿ. ಬೇರೆ ಬೇರೆ ದಿನ ನಾಲ್ಕು ಸಲ ಮಾಡಿ ಬರೆದಿಡಿ. ಇದು ರೋಗ ಪತ್ತೆಯಲ್ಲ, ಅಪ್ಪ–ಅಮ್ಮನಿಗೆ ತೋರಿಸೋಕೆ ಒಂದು ಆಧಾರ. ಇಎನ್‌ಟಿ ವೈದ್ಯರು ಟಿಂಪನೊಮೆಟ್ರಿ (ಕಿವಿತಮಟೆ ಎಷ್ಟು ಅಲುಗುತ್ತೆ ಅಂತ ಅಳೆಯೋದು) ಮಾಡಿಸ್ತಾರೆ, ಕೆಲವೇ ನಿಮಿಷದ ಪರೀಕ್ಷೆ, ನೋವಿಲ್ಲ. ಮೈಸೂರಿನ ಕಡೆಯವರಾದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೇರೆ ಕಡೆ ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನ ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ) ಎಲ್ಲಿದೆ ಅಂತ ಕೇಳಿ. ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ ಅಂತ ಮನೆಯವರಿಗೆ ಒತ್ತಿ ಹೇಳಿ.

ಹೇಳುವಾಗ ಮಗುವಿನ ಮುಂದೆ, ಬಾಗಿಲಲ್ಲಿ ನಿಂತು, "ನಿಮ್ಮ ಹುಡುಗ ತುಂಬಾ ಗಲಾಟೆ" ಅಂತ ಶುರು ಮಾಡಬೇಡಿ. ಫೋನ್ ಮಾಡಿ, "ಹಿಂದಿನಿಂದ ಕರೆದರೆ ನಾಲ್ಕರಲ್ಲಿ ಮೂರು ಸಲ ತಿರುಗಲಿಲ್ಲ, ಮನೇಲಿ ಟಿವಿ ಸೌಂಡ್ ಜಾಸ್ತಿ ಇಡ್ತಾನಾ?" ಅಂತ ಕೇಳಿ. ಅಲ್ಲಿಯವರೆಗೆ ಅವನಿಗೆ ಏನೇ ಹೇಳುವುದಿದ್ದರೂ ಎದುರು ಕೂತು, ಮುಖ ಕಾಣುವ ಹಾಗೆ, ಭುಜ ಮುಟ್ಟಿ ಹೇಳಿ. ಊಟಕ್ಕೂ ನಿಮ್ಮ ಎದುರೇ ಕೂರಿಸಿ.

ಉತ್ತರ 5 — ನೂಲುಗೌದಿ

ಅವನಿಗೋಸ್ಕರ ಒಂದು ಕೌದಿಯನ್ನ ನೀವು ದಿನವೂ ಕಥೆ ಹೇಳುವ ಜಾಗದ ಹಿಂದಿನ ಗೋಡೆಗೆ ಮೊದಲು ಹಾಕಿ, ಉಳಿದ ಐದು ನಿಧಾನಕ್ಕೆ ಹೊಲಿಸಿಕೊಳ್ಳಿ. ಫ್ಯಾನ್ ಕಟಕಟ ಅನ್ನುತ್ತಿದ್ದರೆ ಅದನ್ನೂ ಇವತ್ತೇ ರಿಪೇರಿ ಮಾಡಿಸಿ. ಮಂದವಾಗಿ ಕೇಳಿಸುವ ಕಿವಿಗೆ ಬಿಡದೆ ಬರುವ ಸದ್ದಿನ ನಡುವೆ ಮಾತು ಹಿಡಿಯೋದು ಎಲ್ಲಕ್ಕಿಂತ ಕಷ್ಟ.