ಬೇಸರ ಹಿಡಿದ ಮೊಲಕ್ಕೆ ಮನೆಯೊಳಗೆ ಏನು ಕೆಲಸ ಕೊಡಬೇಕು?

ಪ್ರಶ್ನೆ (ಬೆಂಗಳೂರು)

ಒಂದೂವರೆ ವರ್ಷದ ಗಂಡು ಮೊಲ, 2 ಕೆಜಿ ತೂಕ. ನಮ್ಮದು ಫ್ಲ್ಯಾಟು, ಎಲ್ಲಾ ಕಡೆ ಟೈಲ್ಸ್. ಎರಡೂವರೆ ಅಡಿ ಉದ್ದದ ತಂತಿ ಗೂಡು, ಅದರ ತಳವೂ ತಂತಿಯದೇ. ಸಂಜೆ ಒಂದು ಗಂಟೆ ಹೊರಗೆ ಬಿಡುತ್ತೇವೆ. ಆಗಲೂ ಬಾಗಿಲ ಬಳಿಯ ಮ್ಯಾಟ್ ಮೇಲೆ ಸುಮ್ಮನೆ ಕೂತಿರುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಮಾತ್ರ ಸರಳು ಕಡಿಯಲು ಶುರು ಮಾಡುತ್ತದೆ, ಮನೆಮಂದಿಗೆಲ್ಲ ಜಾಗರಣೆ. ಗೆಜ್ಜೆ ಬಾಲು, ಪ್ಲಾಸ್ಟಿಕ್ ಆಟಿಕೆ ತಂದರೆ ಮೂಸಿಯೂ ನೋಡಲಿಲ್ಲ. ಊಟ: ಬಟ್ಟಲು ತುಂಬ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ), ಕ್ಯಾರೆಟ್, ಸ್ವಲ್ಪ ಸೊಪ್ಪು. ಇದು ಬೇಸರವೇ? ಯಾವ ಆಟಿಕೆ ತಂದರೆ ಒಳ್ಳೆಯದು?

ಮೈಸೂರಿನಿಂದ

ಆಟಿಕೆ ಆಮೇಲೆ, ಮೊದಲು ನೆಲ ನೋಡಿ. ನಾಯಿ ಬೆಕ್ಕಿಗಿರುವ ಹಾಗೆ ಮೊಲದ ಅಂಗಾಲಿಗೆ ಮೆತ್ತೆ ಇಲ್ಲ, ಬರೀ ಕೂದಲು. ಟೈಲ್ಸ್ ಮೇಲೆ ಆ ಕೂದಲು ಜಾರುತ್ತದೆ. ಎರಡು ಸಲ ಹಿಂಗಾಲು ಜಾರಿದರೆ ಸಾಕು, ಆಮೇಲೆ ಅದು ಹಿಡಿತ ಸಿಗುವ ಜಾಗ ಬಿಟ್ಟು ಕದಲುವುದಿಲ್ಲ. ನಿಮ್ಮ ಮೊಲ ಮ್ಯಾಟ್ ಮೇಲೆ ಕೂತಿರುವುದು ಬೇಸರಕ್ಕಲ್ಲ, ಹೆದರಿಕೆಗೆ ಎಂದೇ ನನ್ನ ಅಂದಾಜು.

ನಾಲ್ಕಡಿ–ಆರಡಿಯ ಹತ್ತಿ ಜಮಖಾನ ಎರಡು ತನ್ನಿ. ಬಿಡಿಬಿಡಿಯಾಗಿ ಹಾಸಬೇಡಿ. ಗೂಡಿನ ಬಾಗಿಲಿಂದ ಸೋಫಾ ಮೂಲೆಯವರೆಗೆ ಒಂದಕ್ಕೊಂದು ತಾಗಿರಲಿ, ನಡುವೆ ಒಂದಡಿ ಟೈಲ್ಸ್ ಕಂಡರೂ ಅಲ್ಲಿಗೇ ನಿಂತುಬಿಡುತ್ತದೆ. ಅಂಚು ಸರಿಯದಂತೆ ಸೋಫಾ, ಟೀಪಾಯಿ ಕಾಲಿನ ಕೆಳಗೆ ಸಿಕ್ಕಿಸಿ. ಮಕ್ಕಳಿಗೆ ಹಾಸುವ ಫೋಮ್ ಮ್ಯಾಟ್, ಯೋಗ ಮ್ಯಾಟ್ ಬೇಡವೇ ಬೇಡ. ಅಗಿದು ನುಂಗಿದರೆ ಕರುಳಿಗೆ ಅಡ್ಡ ಕೂರುತ್ತದೆ, ಮೊಲಕ್ಕೆ ವಾಂತಿ ಮಾಡಿ ಹೊರಹಾಕಲು ಬರುವುದಿಲ್ಲ.

ತಂತಿ ತಳದ ಮೇಲೆ ಇವತ್ತೇ ದಪ್ಪ ರಟ್ಟು ಹಾಕಿ, ಅದರ ಮೇಲೆ ಹುಲ್ಲು ಹಾಸಿ. ಇಲ್ಲದಿದ್ದರೆ ಹಿಮ್ಮಡಿಯ ಕೂದಲು ಉದುರಿ ಹುಣ್ಣಾಗುತ್ತದೆ. ಆ ಗೂಡು ಮಲಗುವ ಕೋಣೆಯಾಗಲಿ, ಮನೆಯಾಗಬಾರದು. ಬ್ರಿಟನ್ನಿನ ಮೊಲ ಕ್ಷೇಮ ಸಂಸ್ಥೆಯವರು ಒಂದು ಜೋಡಿಗೆ ಸದಾ ಸಿಗಬೇಕೆನ್ನುವ ಜಾಗ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ಫ್ಲ್ಯಾಟಿನಲ್ಲಿ ಅಷ್ಟು ಆಗದಿದ್ದರೂ ಮೂರಡಿ ಎತ್ತರದ ಮಡಚುವ ಬೇಲಿ ತಂದು ಗೂಡಿನ ಬಾಗಿಲಿಗೆ ಸೇರಿಸಿದರೆ ಜಾಗ ನಾಲ್ಕೈದು ಪಟ್ಟಾಗುತ್ತದೆ.

ಧಾರವಾಡದಿಂದ

ಪೆಲೆಟ್ ಬಟ್ಟಲ ತಗೀರಿ ಮೊದಲ. ಇದರ ಮೂಲ ಜಾತಿ ಎಚ್ಚರ ಇದ್ದಷ್ಟ ಹೊತ್ತೂ ಹುಲ್ಲ ಮೇಯ್ಕೋತ ಇರ್ತದ. ನಿಮ್ಮನ್ಯಾಗ ಬಟ್ಟಲ ಹತ್ತ ನಿಮಿಷದಾಗ ಖಾಲಿ. ಉಳದ ಹೊತ್ತು ಸರಳ ಕಡಿಯೂದ ಬಿಟ್ಟು ಏನ್ ಮಾಡ್ಬೇಕ್ರಿ ಅದು?

ಒಂದ ಕೆಜಿ ತೂಕಕ್ಕ ದಿನಕ್ಕ 25 ಗ್ರಾಂ ಪೆಲೆಟ್ ಸಾಕು, ನಿಮ್ಮದಕ್ಕ 50 ಗ್ರಾಂ. ಒಮ್ಮೆಲೇ ಇಳಸಬ್ಯಾಡ್ರಿ. ಒಣಹುಲ್ಲ ತಿನ್ನಾಕ ಹತ್ತೇತಿ, ಹಿಕ್ಕಿ ದುಂಡಗ, ದೊಡ್ಡದಾಗಿ ಬೀಳಾಕ ಹತ್ಯಾವ ಅಂತ ನೋಡ್ಕೊಂಡು ಎರಡ ವಾರದಾಗ ಇಳಸ್ರಿ. ಒಣಹುಲ್ಲ ಮಾತ್ರ ದಿನಾ ಮೊಲದ ಗಾತ್ರದಷ್ಟು ದೊಡ್ಡ ರಾಶಿ ಇರಬೇಕು. ರೋಡ್ಸ್ ಹುಲ್ಲು, ಓಟ್ಸ್ ಹುಲ್ಲು, ತಿಮೋತಿ ಯಾವುದಾದರೂ ನಡೀತದ. ಭತ್ತದ ಹುಲ್ಲ ಹಾಸಾಕ ಚಲೋ, ಹೊಟ್ಟಿಗೆ ಸತ್ವ ಇಲ್ಲ. ಕುದುರಿ ಮೆಂತೆ (ಅಲ್ಫಾಲ್ಫಾ) ಆರ ತಿಂಗಳ ಒಳಗಿನ ಮರಿಗೆ ಸರಿ, ದೊಡ್ಡದಕ್ಕ ಸುಣ್ಣದಂಶ ಹೆಚ್ಚಾಗಿ ಉಚ್ಚಿ ಚೀಲದಾಗ ಕೆಸರ ಕಟ್ಟತದ.

ಇನ್ನ ಆ 50 ಗ್ರಾಂನ ಕೂಲಿ ಮಾಡಿಸಿ ಕೊಡ್ರಿ. ಮೊದಲನೇ ವಾರ ಜಮಖಾನದ ಮ್ಯಾಲ ಸುಮ್ನ ಚೆಲ್ರಿ, ಮೂಸಿ ಹುಡಕ್ಲಿ. ಎರಡನೇ ವಾರ ಹುಲ್ಲಿನ ರಾಶಿಯೊಳಗ ಕಲಸ್ರಿ. ಮೂರನೇ ವಾರ ಟಿಶ್ಯೂ ರೋಲಿನ ರಟ್ಟಿನ ಕೊಳವಿ ತಗೊಂಡು, ಒಂದ ಬಾಯಿ ಒಳಗ ಮಡಚಿ, ಏಳೆಂಟ ಪೆಲೆಟ್ ಹಾಕಿ, ಮ್ಯಾಲ ಹುಲ್ಲ ತುರುಕ್ರಿ. ಕೊಳವಿಗೆ ಉದ್ದಕ್ಕೂ ಒಂದ ಸೀಳ ಹಾಕೂದ ಮರೀಬ್ಯಾಡ್ರಿ, ಇಲ್ಲಾಂದ್ರ ಸಣ್ಣ ಮೊಲದ ಮೂತಿ ಸಿಕ್ಕೊಂಡು ಗಾಬರಿ ಬೀಳತದ. ಮೊದಲನೇ ದಿನಾನ ಗಟ್ಟಿ ತುರುಕಿದ್ರ ಎರಡ ಸಲ ಎಳದು ಬಿಟ್ಟ ಹೋಗ್ತದ, ಆಮೇಲೆ ನೀವು "ನಮ್ಮ ಮೊಲಕ್ಕ ಇದು ಸೇರೂದಿಲ್ಲ" ಅಂತೀರಿ. ಪೇಪರ್ ಕಪ್ ಬ್ಯಾಡ, ಒಳಗ ಪ್ಲಾಸ್ಟಿಕ್ ಪದರ ಇರ್ತದ.

ಮಂಗಳೂರಿನಿಂದ

ಅಗೆಯುವ ಪೆಟ್ಟಿಗೆ ಇಡದೆ ಸೋಫಾ ಉಳಿಯುವುದಿಲ್ಲ ಮಾರಾಯ್ರೆ. ಸಾಕುಮೊಲ ಯುರೋಪಿನ ಬಿಲ ತೋಡುವ ಮೊಲದ ಸಂತತಿ. ನಮ್ಮ ಗುಡ್ಡದಲ್ಲಿ ಕಾಣುವ ಕಾಡುಮೊಲ ಬೇರೆಯೇ ಪ್ರಾಣಿ. ಅದು ಬಿಲ ತೋಡುವುದಿಲ್ಲ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಸಾಕುವ ಹಾಗೂ ಇಲ್ಲ. ಕನ್ನಡದಲ್ಲಿ ಎರಡಕ್ಕೂ ಮೊಲ ಎನ್ನುವುದರಿಂದ ಗೊಂದಲ. ನಿಮ್ಮದಕ್ಕೆ ತೋಡುವ ಚಟ ರಕ್ತದಲ್ಲೇ ಉಂಟು, ಬೈದರೆ ಹೋಗುವುದಲ್ಲ.

ಸುಮಾರು 60 ಸೆಂ.ಮೀ. ಉದ್ದ, 40 ಅಗಲ, 35 ಎತ್ತರದ ರಟ್ಟಿನ ಪೆಟ್ಟಿಗೆ. ಅಂಟುಪಟ್ಟಿ, ಸ್ಟೇಪಲ್ ಪಿನ್ನು, ಹೊಳಪಿನ ಲೇಬಲ್ಲು ಎಲ್ಲ ಕಿತ್ತುಹಾಕಿ. ಒಂದು ಬದಿಯಲ್ಲಿ ನೆಲದಿಂದ 12 ಸೆಂ.ಮೀ. ಬಿಟ್ಟು ಬಾಗಿಲು ಕತ್ತರಿಸಿ. ಆ ಅಡ್ಡಪಟ್ಟಿ ಇದ್ದರೆ ತೋಡಿದ್ದು ಅರ್ಧವಾದರೂ ಒಳಗೇ ಉಳಿಯುತ್ತದೆ. ಒಳಗೆ ಎರಡು ಬೆರಳು ಅಗಲಕ್ಕೆ ಹರಿದ ಹಳೆ ದಿನಪತ್ರಿಕೆ, ಹುಲ್ಲು, ಮುದುಡಿದ ಕಂದು ಕಾಗದ, 20 ಸೆಂ.ಮೀ. ಆಳದವರೆಗೆ. ಅಡಿಯಲ್ಲಿ ನಾಲ್ಕು ಎಸಳು ಕೊತ್ತಂಬರಿ ಹುಗಿದಿಡಿ. ಅಂಗಡಿ ಬಿಲ್ಲು, ಎಟಿಎಂ ಚೀಟಿ ಹಾಕಬೇಡಿ, ಅದರ ಲೇಪ ಹೊಟ್ಟೆಗೆ ಒಳ್ಳೆಯದಲ್ಲ.

ಮಣ್ಣು ಹಾಕುವವರು ಪ್ಲಾಸ್ಟಿಕ್ ಟಬ್ಬಿನಲ್ಲಿ ಹಾಕಿ. ಗೊಬ್ಬರ, ಔಷಧಿ ಸೇರದ ಮಣ್ಣು, ಕೈಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಮಾತ್ರ ಪಸೆ. ಪೂರ್ತಿ ಒಣಗಿದರೆ ಧೂಳು ಮೂಗಿಗೆ. ಮೊಲ ಮೂಗಿನಲ್ಲೇ ಉಸಿರಾಡುವ ಪ್ರಾಣಿ, ಸೀನು ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ನರ್ಸರಿಯ ಕೋಕೋಪೀಟ್ ಬೇಡ, ತಿಂದರೆ ನೀರು ಹೀರಿ ಒಳಗೆ ಉಬ್ಬುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಕಾಗದ, ಹುಲ್ಲು ಮೂರು ದಿನಕ್ಕೆ ಬೂಸಲು ಹಿಡಿಯುತ್ತದೆ. ವಾಸನೆ ಬಂದ ಕೂಡಲೇ ಎಲ್ಲ ಬದಲಿಸಿ.

ಕೇಳಿದವರು: ರಟ್ಟನ್ನೇ ತಿಂದುಬಿಟ್ಟರೆ?

ಮತ್ತೆ ಮಂಗಳೂರಿನಿಂದ

ಹರಿದು ಉಗುಳುವುದು ಆಟ, ಅದಕ್ಕೇ ಕೊಡುವುದು. ನುಂಗುವುದು ಬೇರೆ. ನೆಲದ ಮೇಲೆ ಬಿದ್ದ ಚೂರು ಒಟ್ಟು ಮಾಡಿ, ಪೆಟ್ಟಿಗೆಯ ತೂತಿಗೆ ಹಿಡಿದು ನೋಡಿ. ಹೆಚ್ಚುಕಡಿಮೆ ಸರಿಹೊಂದಿದರೆ ಚಿಂತೆ ಇಲ್ಲ. ಚೂರೇ ಸಿಗದಿದ್ದರೆ ರಟ್ಟು ತೆಗೆದು ಹುಲ್ಲು ಹೆಚ್ಚಿಸಿ. ಗೋಣಿಚೀಲ, ಸುತಲಿ, ಹಗ್ಗ ಯಾವತ್ತೂ ಕೊಡಬೇಡಿ. ಎಳೆ ಉಗುರಿಗೆ ಸುತ್ತಿಕೊಳ್ಳುತ್ತದೆ, ಹೊಟ್ಟೆಗೆ ಹೋದರೆ ಗಂಟಾಗುತ್ತದೆ.

ತುಮಕೂರಿನಿಂದ

ಒಂಟಿಯಾಗಿದೆ, ಅಷ್ಟೇ. ಇನ್ನೊಂದು ಮೊಲ ತಂದು ಜೊತೆಗೆ ಬಿಟ್ಟುಬಿಡಿ, ಎಲ್ಲಾ ಸರಿಹೋಗುತ್ತೆ.

ಬೆಂಗಳೂರಿನಿಂದ ಇನ್ನೊಬ್ಬರು

ಮೇಲಿನ ಮಾತು ಅರ್ಧ ನಿಜ, ಆ ಇನ್ನರ್ಧ ಅಪಾಯ. ಜೊತೆ ಬೇಕು, ಒಪ್ಪುತ್ತೇನೆ. ಇನ್ನೊಂದು ಮೊಲ ಕಿವಿ ನೆಕ್ಕುವುದಕ್ಕೆ ಸಮನಾದ ಆಟಿಕೆ ಯಾರೂ ಮಾಡಿಲ್ಲ. ಆದರೆ "ತಂದು ಬಿಟ್ಟುಬಿಡಿ" ಅಂದರೆ ಹೆಣ್ಣಾದರೆ 31 ದಿನಕ್ಕೆ ಮರಿ, ಹೆತ್ತ ದಿನವೇ ಮತ್ತೆ ಗರ್ಭ. ಗಂಡಾದರೆ ರಕ್ತ ಬರುವ ಕಾಳಗ. ಅಂಗಡಿಯವರು "ಎರಡೂ ಹೆಣ್ಣು" ಎಂದರೆ ನಂಬಬೇಡಿ, ಮರಿಯಲ್ಲಿ ಗುರುತಿಸುವುದು ಕಷ್ಟ.

ಮೊದಲು ನಿಮ್ಮ ಗಂಡಿಗೆ ಸಂತಾನಹರಣ ಮಾಡಿಸಿ. ಮೊಲಕ್ಕೆ ಈ ಶಸ್ತ್ರಚಿಕಿತ್ಸೆ ಮಾಡಿ ಅಭ್ಯಾಸವಿರುವ ಪಶುವೈದ್ಯರೇ ಬೇಕು. ಕೇಳಬೇಕಾದ ಮೊದಲ ಪ್ರಶ್ನೆ: "ಹಿಂದಿನ ರಾತ್ರಿ ಉಪವಾಸ ಇಡಬೇಕೇ?" ಹೌದು ಎಂದರೆ ಬೇರೆಯವರನ್ನು ನೋಡಿ. ನಾಯಿಗೆ ಆ ನಿಯಮ ಸರಿ, ವಾಂತಿ ಮಾಡದ ಮೊಲಕ್ಕೆ ಉಪವಾಸವೇ ತೊಂದರೆ. ಆದ ಮೇಲೂ ಆರು ವಾರ ಹೆಣ್ಣಿನ ಹತ್ತಿರ ಬಿಡಬೇಡಿ, ವೀರ್ಯ ಉಳಿದಿರುತ್ತದೆ. ಸರಳು ಕಡಿತ, ಕಾಲು ಸುತ್ತುವುದು, ಉಚ್ಚೆ ಸಿಡಿಸುವುದು ಇದರಿಂದಲೇ ಎಷ್ಟೋ ಇಳಿಯುತ್ತದೆ.

ಆಮೇಲೆ ತರುವ ಹೆಣ್ಣಿಗೂ ಆಪರೇಷನ್ ಆಗಿರಲಿ. ಎರಡು ಗೂಡು ನಾಲ್ಕು ಬೆರಳು ಅಂತರದಲ್ಲಿ ಪಕ್ಕಪಕ್ಕ ಇಟ್ಟು, ಎರಡು ವಾರ ದಿನವೂ ಹಾಸು ಅದಲುಬದಲು ಮಾಡಿ. ಬೇಲಿಯ ಆಚೀಚೆ ಒಟ್ಟಿಗೆ ಸೊಪ್ಪು ಹಾಕಿ. ಮುಖಾಮುಖಿ ಮಾಡುವುದು ಎರಡಕ್ಕೂ ಹೊಸದಾದ ಜಾಗದಲ್ಲಿ, ಹತ್ತು ನಿಮಿಷದಿಂದ ಶುರು. ಬಾಲ ನಿಗುರಿ, ಕಿವಿ ಹಿಂದಕ್ಕೆ ಮಲಗಿತೆಂದರೆ ನಡುವೆ ಕೈ ಹಾಕಬೇಡಿ, ಮೊರ ಅಡ್ಡ ಹಿಡಿಯಿರಿ.

ಕಲಬುರಗಿಯಿಂದ

ಬೇಸಿಗಿ ಬಗ್ಗೆ ಯಾರೂ ಹೇಳಿಲ್ಲ. ಮೊಲ ಬೆವರೂದಿಲ್ಲ, 28 ಡಿಗ್ರಿ ದಾಟಿದರ ಆಟ ಬ್ಯಾಡ. ಬೆಳಿಗ್ಗೆ ಐದರಿಂದ ಏಳು, ರಾತ್ರಿ ಎಂಟರ ಮ್ಯಾಲ ಬಿಡ್ರಿ. ಬಣ್ಣ ಹಚ್ಚದ ದೊಡ್ಡ ಮಣ್ಣಿನ ಕುಂಡ ಅಡ್ಡ ಮಲಗಿಸಿ, ಉರುಳದಂಗ ಎರಡೂ ಕಡೆ ಇಟ್ಟಂಗಿ ಕೊಟ್ಟು, ಹೊರಮೈಗೆ ನೀರ ಚಿಮುಕಿಸ್ರಿ. ಅದರೊಳಗ ಕಡಪ ಕಲ್ಲಿನ ತುಂಡ ಹಾಕಿದ್ರ ಇನ್ನೂ ಚಲೋ. ಒಳಗ ತಿರುಗಿ ಹೊರಗ ಬರೂವಷ್ಟು ಅಗಲ ಇರಬೇಕು.

ಶಿವಮೊಗ್ಗದಿಂದ

ಕೊಂಬೆ ಮತ್ತು ಎಲೆ. ಸೀಬೆ ಮತ್ತು ಹಿಪ್ಪುನೇರಳೆ ಕೊಂಬೆ, ಹೆಬ್ಬೆರಳು ದಪ್ಪ, ಒಂದಡಿ ಉದ್ದ, ತೊಗಟೆ ಸಮೇತ. ರೇಷ್ಮೆ ಸಾಕುವವರ ತೋಟದ ಸೊಪ್ಪಾದರೆ ಔಷಧಿ ಭಯ ಕಡಿಮೆ, ಹುಳ ತಡೆಯುವುದಿಲ್ಲವಲ್ಲ. ದಾಸವಾಳದ ಎಲೆ, ಹೂವು, ಗರಿಕೆ, ಪುದೀನ, ಮೂಲಂಗಿ ಸೊಪ್ಪು ಚೆನ್ನ. ಬಾಳೆಲೆಯ ತುಂಡಿನಲ್ಲಿ ಸೊಪ್ಪು ಇಟ್ಟು ಕಡುಬಿನ ಹಾಗೆ ಮಡಚಿ ಕೊಟ್ಟರೆ ಬಿಚ್ಚುವುದೇ ಒಂದು ಕೆಲಸ. ಪಾಲಕ್ ವಾರಕ್ಕೊಮ್ಮೆ ಸಾಕು. ಕ್ಯಾರೆಟ್ ಸಿಹಿ ಪದಾರ್ಥ, ದಿನಕ್ಕೆ ಎರಡು ಬಿಲ್ಲೆ ದಾಟಬೇಡಿ. ಅದರ ಸೊಪ್ಪು ಧಾರಾಳ ಕೊಡಿ.

ಕಣಗಿಲೆ, ಎಕ್ಕ, ಲಂಟಾನ, ಮನಿಪ್ಲಾಂಟ್, ಟೊಮೆಟೊ ಮತ್ತು ಆಲೂಗಡ್ಡೆ ಗಿಡ, ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು ಬಾಯಿಗೆ ಸಿಗಬಾರದು. ಬಾಲ್ಕನಿ ಕುಂಡಗಳನ್ನು ಎತ್ತರಕ್ಕೆ ಏರಿಸಿ. ಚನ್ನಪಟ್ಟಣದ ಗೊಂಬೆ ತರುವವರಿದ್ದಾರೆ, ಉರುಳಿಸಲು ಸರಿ, ಆದರೆ ಅರಗಿನ ಲೇಪ ಕೆರೆದು ತಿನ್ನಲು ಶುರು ಮಾಡಿದರೆ ತೆಗೆದಿಡಿ. ಇನ್ನೊಂದು, ಕೊಂಬೆ ಕಡಿದರೆ ಹಲ್ಲು ಸವೆಯುತ್ತದೆ ಎಂಬ ನೆಮ್ಮದಿ ಬೇಡ. ಮುಂದಿನ ಹಲ್ಲು ವಾರಕ್ಕೆ ಎರಡು ಮಿ.ಮೀ. ಬೆಳೆಯುತ್ತದೆ, ದವಡೆ ಹಲ್ಲೂ ಬೆಳೆಯುತ್ತಲೇ ಇರುತ್ತದೆ, ಅದು ಸವೆಯುವುದು ಹುಲ್ಲು ಅರೆದಾಗಲೇ.

ಮೈಸೂರಿನಿಂದ ಮತ್ತೆ

ಮೇಲೆ ಹೇಳಿದ್ದೆಲ್ಲ ಒಂದೇ ದಿನ ತಂದು ಸುರಿಯಬೇಡಿ. ಐದಾರು ವಸ್ತು ಇಟ್ಟುಕೊಂಡು ಎರಡು ಮಾತ್ರ ಹೊರಗಿಡಿ, ನಾಲ್ಕು ದಿನಕ್ಕೊಮ್ಮೆ ಬದಲಿಸಿ. ಮೊಲ ಗದ್ದ ಉಜ್ಜಿ ಗುರುತು ಹಾಕಿದ್ದನ್ನು ತೊಳೆಯಬೇಡಿ, ಆ ವಾಸನೆಯೇ ಅದರ ಧೈರ್ಯ.

ಪಾಠವೂ ಕಲಿಯುತ್ತದೆ. ಟಕ್ ಎನ್ನುವ ಬಾಲ್‌ಪೆನ್ ಒತ್ತಿ, ತಕ್ಷಣ ಒಂದು ಪೆಲೆಟ್. ಹೀಗೆ ದಿನಕ್ಕೆ ಹದಿನೈದು ಸಲ, ಎರಡು ದಿನ. ಆಮೇಲೆ ಮರದ ಸೌಟಿನ ತುದಿ ಮುಂದೆ ಹಿಡಿದು, ಮೂಗು ತಾಗಿಸಿದ ಕ್ಷಣಕ್ಕೆ ಟಕ್, ಪೆಲೆಟ್. ಸೌಟು ಹಿಂಬಾಲಿಸಲು ಬಂದ ಮೇಲೆ 10 ಸೆಂ.ಮೀ. ಎತ್ತರದ ಕೋಲು ದಾಟಿಸಿ. ಸ್ವೀಡನ್ನಿನಲ್ಲಿ 1970ರ ದಶಕದಿಂದ ಮೊಲಗಳ ಜಿಗಿತದ ಪಂದ್ಯವೇ ನಡೆಯುತ್ತಿದೆ. ಐದು ನಿಮಿಷಕ್ಕೆ ನಿಲ್ಲಿಸಿ. ಟಕ್ ಸದ್ದಿಗೂ ಪೆಲೆಟ್ಟಿಗೂ ನಡುವೆ ತಡವಾದರೆ ಯಾವುದಕ್ಕೆ ಕೂಲಿ ಸಿಕ್ಕಿತೆಂದು ಅದಕ್ಕೆ ತಿಳಿಯುವುದಿಲ್ಲ. ಈ ಪೆಲೆಟ್ಟೂ ಅದೇ 50 ಗ್ರಾಂ ಲೆಕ್ಕದ್ದೇ.

ಕೇಳಿದವರು: ಎಲ್ಲರಿಗೂ ನಮಸ್ಕಾರ. ಜಮಖಾನ ಹಾಸಿದ್ದಾಯಿತು. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಕಡಿದಾಗ ಎದ್ದು ಬಿಡಬಹುದೇ?

ಬೆಂಗಳೂರಿನಿಂದ ಇನ್ನೊಬ್ಬರು

ಬೇಡ. ಕಡಿದರೆ ಬಾಗಿಲು ತೆರೆಯುತ್ತದೆ ಎಂದು ಅದಾಗಲೇ ಕಲಿತಿರಬಹುದು. ಮೊಲ ಚುರುಕಾಗುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ಆ ಹೊತ್ತನ್ನು ಬದಲಿಸಲಾಗದು. ಬದಲಿಗೆ ರಾತ್ರಿ ಹನ್ನೊಂದಕ್ಕೆ ಮಲಗುವ ಮುನ್ನ ಹುಲ್ಲು ಹೊಸದಾಗಿ ತುಂಬಿ, ಬಿಗಿಯಾಗಿ ತುರುಕಿದ ನಾಲ್ಕು ಕೊಳವೆ ಗೂಡಿನ ನಾಲ್ಕು ಮೂಲೆಗೆ ಇಡಿ. ಅಲಾರಂ ಇಟ್ಟುಕೊಂಡು, ಬಾಗಿಲನ್ನು ದಿನವೂ ಐದೂವರೆಗೆ, ಅದು ಸುಮ್ಮನಿರುವ ಕ್ಷಣ ನೋಡಿ ತೆರೆಯಿರಿ. ಮೊದಲ ನಾಲ್ಕೈದು ದಿನ ಕಡಿತ ಹೆಚ್ಚಾಗುತ್ತದೆ. ನಡುವೆ ಒಂದು ದಿನ ಸೋತು ಎದ್ದರೆ ಲೆಕ್ಕ ಮತ್ತೆ ಮೊದಲಿನಿಂದ.

ಆದರೆ ಕಡಿಯುವುದು ನಿಂತು, ಮೊಲ ಮುದುಡಿ ಕೂತು, ಹಲ್ಲು ಜೋರಾಗಿ ಮಸೆದು, ಹುಲ್ಲು ಮುಟ್ಟದೆ ಹಿಕ್ಕೆಯೂ ಹಾಕದಿದ್ದರೆ ಅದು ಶಿಸ್ತಲ್ಲ, ನೋವು. ಕರುಳು ನಿಂತಿರಬಹುದು. ಹನ್ನೆರಡು ಗಂಟೆ ತಿನ್ನದಿದ್ದರೆ ಜೀವಕ್ಕೆ ಅಪಾಯ. ಬೆಳಗಾಗಲಿ ಎಂದು ಕಾಯದೆ, ಆಗಲೇ ಬುಟ್ಟಿಗೆ ಹಾಕಿಕೊಂಡು ವೈದ್ಯರ ಬಳಿ ಹೊರಡಿ. ರಾತ್ರಿ ತೆರೆದಿರುವ ಪಶು ಆಸ್ಪತ್ರೆಯಲ್ಲಿ ಮೊಲ ನೋಡುತ್ತಾರೆಯೇ ಎಂದು ಇವತ್ತೇ ಫೋನ್ ಮಾಡಿ ಕೇಳಿ, ನಂಬರು ಗೂಡಿನ ಮೇಲೆ ಅಂಟಿಸಿಡಿ. ಮೊಲಕ್ಕೆ ಎಟುಕದ ಕಡೆ.